ದುಡ್ಡು ಬಂತು, ರಫ್ತಿನ ಲೆಕ್ಕಕ್ಕೆ ಬರಲಿಲ್ಲ: ವಾಣಿಜ್ಯ ಸಚಿವಾಲಯಕ್ಕೆ ಮತ್ತು ರಿಸರ್ವ್ ಬ್ಯಾಂಕಿಗೆ ಒಂದು ಬಹಿರಂಗ ಪತ್ರ

ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಹಿರಿಯರಿಗೆ, ದೇಶದ ವ್ಯಾಪಾರದ ಅಂಕಿಅಂಶ ಕೂಡಿಸುವ ಕೋಲ್ಕತ್ತಾದ ಡಿಜಿಸಿಐಎಸ್ ಕಚೇರಿಯವರಿಗೆ, ಭಾರತೀಯ ರಿಸರ್ವ್ ಬ್ಯಾಂಕಿನಲ್ಲಿ ಅಂಕಿಅಂಶದ ಕೆಲಸ ನೋಡಿಕೊಳ್ಳುವವರಿಗೆ ನಮಸ್ಕಾರ.

ನಾನು ಮಂಗಳೂರಿನಲ್ಲಿ ಕಸ್ಟಮ್ಸ್ ಬ್ರೋಕರ್ ಒಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ರಫ್ತು ಮಾಡುವವರ ಪರವಾಗಿ ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತಿನ ಕಾಗದ, ತುಂಬುವುದು ನನ್ನ ಕಸುಬು. ಶುರು ಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಪ್ರತಿ ತಿಂಗಳು 15ರ ಹೊತ್ತಿಗೆ ನೀವು ದೇಶದ ವ್ಯಾಪಾರದ ಲೆಕ್ಕ ಬಿಡುಗಡೆ ಮಾಡುತ್ತೀರಿ. ರಫ್ತು ಇಷ್ಟು, ಆಮದು ಇಷ್ಟು, ಕೊರತೆ ಇಷ್ಟು. ಟೀವಿಯಲ್ಲಿ ಆ ಅಂಕಿ ಓಡುವಾಗ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಅದರಲ್ಲಿ ಕಾಳಿನಷ್ಟು ಪಾಲು ನಾನು ಟೈಪ್ ಮಾಡಿದ್ದು ಅಲ್ವಾ.

ಈ ಪತ್ರ ಬರೆಯಲು ಕಾರಣ ನನ್ನ ತಂಗಿಯ ಮಗಳು. ಪುತ್ತೂರಿನಲ್ಲಿದ್ದಾಳೆ. ಆರ್ಕಿಟೆಕ್ಚರ್ ಓದಿದವಳು. ನೆದರ್‌ಲ್ಯಾಂಡ್ಸ್‌ನ ಒಂದು ಸಣ್ಣ ಆಫೀಸಿಗೆ ಮನೆಗಳ ನಕ್ಷೆ ಮಾಡಿಕೊಡುತ್ತಾಳೆ. ಅವರು ಅಲ್ಲಿ ಮಧ್ಯಾಹ್ನ ತಿದ್ದುಪಡಿ ಹೇಳಿದರೆ ಇವಳು ಇಲ್ಲಿ ರಾತ್ರಿ ಕೂತು ಗೆರೆ ಎಳೆಯುತ್ತಾಳೆ. ತಿಂಗಳಿಗೊಮ್ಮೆ ಯೂರೋದಲ್ಲಿ ದುಡ್ಡು ಬರುತ್ತದೆ. ಹತ್ತು ತಿಂಗಳಾದ ಮೇಲೆ ಒಳ್ಳೆಯ ಕಂಪ್ಯೂಟರಿಗೆ ಸಾಲ ಬೇಕೆಂದು ಅರ್ಜಿ ಹಾಕಿದಳು. ಆದಾಯಕ್ಕೆ ಆಧಾರ ಕೊಡಿ ಎಂದರು. ಬ್ಯಾಂಕಿನಿಂದ ತನ್ನ ವಿದೇಶಿ ಜಮೆಯ ಕಾಗದ ತರಿಸಿಕೊಂಡು ನನ್ನ ಹತ್ತಿರ ಬಂದಳು.

"ಮಾವ, ನಾನು ಯಾರ ಹತ್ರ ಮನೆ ಖರ್ಚಿಗೆ ದುಡ್ಡು ಕೇಳಿದ್ದೆ?" ಎಂದಳು.

ಕಾಗದ ನೋಡಿದೆ. ಹತ್ತು ಸಾಲು, ಹತ್ತರ ಎದುರಿಗೂ ಪಿ1301 ಎಂದಿತ್ತು. ಅದು ಪರ್ಪಸ್ ಕೋಡ್, ಅಂದರೆ ಹೊರಗಿನ ಹಣ ಯಾವ ಕಾರಣಕ್ಕೆ ಬಂತೆಂದು ಬ್ಯಾಂಕು ಹಾಕುವ ಗುರುತು. ಗೊತ್ತಿದ್ದವರಿಗೆ ಅದರ ಅರ್ಥ ತಿಳಿಯುತ್ತದೆ. ಹೊರದೇಶದಲ್ಲಿರುವ ಭಾರತೀಯರು ಕುಟುಂಬದ ನಿರ್ವಹಣೆಗೆ, ಉಳಿತಾಯಕ್ಕೆ ಕಳಿಸಿದ ಹಣ ಅದು. ಅವಳ ಕೆಲಸಕ್ಕೆ ಬೀಳಬೇಕಿದ್ದದ್ದು ಪಿ1009, ಆರ್ಕಿಟೆಕ್ಟ್ ಸೇವೆಯ ಕೋಡ್.

ಮೊದಲ ಸಲ ದುಡ್ಡು ಬಂದಾಗ ಬ್ಯಾಂಕಿನಿಂದ ಫೋನು ಬಂದಿತ್ತಂತೆ. ವಿದೇಶದಿಂದ ಹಣ ಬಂದಿದೆ, ಮನೆಯವರು ಕಳಿಸಿದ್ದಾ ಎಂದು ಕೇಳಿದರಂತೆ. ಇವಳು ಬಸ್ಸಿನಲ್ಲಿದ್ದಳು. "ಇಲ್ಲ ಸರ್, ಕೆಲಸದ್ದು" ಎಂದಳು. ಹೊರಗೆ ಕೆಲಸಕ್ಕಿರುವವರು ಕಳಿಸಿದ್ದು ಎಂದು ಆ ಕಡೆಯವರು ತಿಳಿದಿರಬೇಕು. ಕೋಡ್ ಬಿತ್ತು. ಆಮೇಲಿನ ಒಂಬತ್ತು ತಿಂಗಳೂ ಅದೇ ಮುಂದುವರಿಯಿತು.

ಆ ಸಿಬ್ಬಂದಿಯನ್ನು ಬೈಯಲು ನನಗೆ ಮನಸ್ಸಿಲ್ಲ. ನಮ್ಮ ಕರಾವಳಿಯಲ್ಲಿ ಹೊರಗಿನಿಂದ ಬರುವ ದುಡ್ಡು ಅಂದರೆ ಗಲ್ಫ್ ದುಡ್ಡು. ದುಬೈ, ಕುವೈತ್, ಮಸ್ಕತ್‌ನಿಂದ ಮಗ ಕಳಿಸಿದ್ದು, ಗಂಡ ಕಳಿಸಿದ್ದು. ದಶಕಗಳಿಂದ ಕೌಂಟರಿನಲ್ಲಿ ಕೂತವರ ಕೈಗೆ ಅದೇ ರೂಢಿ. ಕುವೈತ್‌ನಲ್ಲಿ ನರ್ಸ್ ಆಗಿರುವ ನಮ್ಮ ಪಕ್ಕದ ಮನೆಯವಳ ಹಣಕ್ಕೆ ಆ ಕೋಡ್ ಸರಿಯೇ. ಒಂದು ವರ್ಷಕ್ಕಿಂತ ಜಾಸ್ತಿ ಅಲ್ಲೇ ನೆಲೆಸಿದರೆ ಲೆಕ್ಕದ ಪ್ರಕಾರ ಅವಳು ಆ ದೇಶದ ನಿವಾಸಿ. ಅವಳ ಸಂಬಳ ನಮ್ಮ ರಫ್ತಲ್ಲ. ಮನೆಗೆ ಕಳಿಸಿದ್ದು ರವಾನೆ. ಆದರೆ ಪುತ್ತೂರಿನಲ್ಲೇ ಕೂತು ಡಚ್ಚರಿಗೆ ನಕ್ಷೆ ಮಾರಿದವಳು ರಫ್ತುದಾರಳು. ಇಬ್ಬರ ದುಡ್ಡೂ ಒಂದೇ ರಾಶಿಗೆ ಬಿದ್ದರೆ ಹೇಗೆ?

ಹೀಗಾದರೆ ದೇಶಕ್ಕೆ ಬಂದ ವಿದೇಶಿ ಹಣವೇನೂ ಕಡಿಮೆಯಾಗುವುದಿಲ್ಲ. ರಫ್ತು, ಆಮದು, ರವಾನೆ ಎಲ್ಲ ಸೇರುವ ದೇಶದ ಚಾಲ್ತಿ ಖಾತೆಯ ಒಟ್ಟು ಮೊತ್ತವೂ ಬದಲಾಗುವುದಿಲ್ಲ. 2024-25ರಲ್ಲಿ ಹೊರಗಿನವರು ಊರಿಗೆ ಕಳಿಸಿದ ಹಣ 135 ಶತಕೋಟಿ ಡಾಲರ್ ದಾಟಿತ್ತು. ಅಷ್ಟು ದೊಡ್ಡ ರಾಶಿಗೆ ಇವಳ ಹತ್ತು ಸಾಲು ಸೇರಿ ಕರಗಿಹೋಯಿತು. ದುಡಿಮೆ ಮಾತ್ರ ರಫ್ತಿನ ಪುಸ್ತಕದಿಂದ ಅಳಿಸಿಹೋಯಿತು. ಪುತ್ತೂರು, ಶಿರಸಿ, ದಾವಣಗೆರೆ, ಧಾರವಾಡದಲ್ಲಿ ಮನೆಯಲ್ಲೇ ಕೂತು ಹೊರದೇಶಕ್ಕೆ ಕೆಲಸ ಮಾಡಿಕೊಡುವ ಹುಡುಗ ಹುಡುಗಿಯರು ಈಗ ಬೇಕಾದಷ್ಟಿದ್ದಾರೆ. ಅವರ ಹಣಕ್ಕೆ ಯಾವ ಕೋಡ್ ಬಿದ್ದಿದೆ ಎಂದು ಅವರಲ್ಲಿ ಎಷ್ಟು ಜನ ನೋಡಿಕೊಂಡಿದ್ದಾರೆ?

ಸರಕಿನ ಲೆಕ್ಕ ಹೇಗೆ ಬರೆಯುತ್ತೇವೆ ಎಂದು ಸ್ವಲ್ಪ ಹೇಳುತ್ತೇನೆ. ನಿಮಗೆ ಗೊತ್ತಿರುವುದೇ. ಓದುವ ಜನರಿಗೂ ಗೊತ್ತಾಗಲಿ ಎಂದು.

ಕೊಡಗಿನ ಕುಶಾಲನಗರದಲ್ಲಿ ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಿಂದ ಒಂದು ಕಂಟೇನರ್ ಕಾಫಿ ಬಂತು ಅಂದುಕೊಳ್ಳಿ. 60 ಕಿಲೋದ 320 ಚೀಲ, 19.2 ಟನ್. ಇಟಲಿಗೆ ಹೋಗಬೇಕು. ಅದಕ್ಕೆ ನಾನು ಎಂಟು ಅಂಕಿಯ ಎಚ್‌ಎಸ್ ಕೋಡ್, ಅಂದರೆ ಸರಕು ಯಾವುದೆಂದು ಹೇಳುವ ನಂಬರು, ಹಾಕುತ್ತೇನೆ. ಮೊದಲ ಆರು ಅಂಕಿ ಪ್ರಪಂಚಕ್ಕೆಲ್ಲ ಒಂದೇ, ಕೊನೆಯ ಎರಡು ನಮ್ಮ ದೇಶದ್ದು. ಕಾಫಿಯದು 0901ರಿಂದ ಶುರು. ಹುರಿದದ್ದಾ, ಹುರಿಯದ್ದಾ. ಅರೇಬಿಕಾವಾ, ರೋಬಸ್ಟಾವಾ. ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಪಾರ್ಚ್‌ಮೆಂಟಾ, ಹಣ್ಣನ್ನೇ ಒಣಗಿಸಿದ ಚೆರಿಯಾ. ರೋಬಸ್ಟಾ ಚೆರಿಯಲ್ಲೇ ಎಬಿ ಗ್ರೇಡಿಗೆ ಒಂದು ಕೋಡ್, ಪೀಬೆರಿಗೆ ಬೇರೆ ಕೋಡ್. ಹಣ್ಣಿನಲ್ಲಿ ಎರಡು ಬೀಜದ ಬದಲು ಒಂದೇ ದುಂಡು ಬೀಜ ಬಿಟ್ಟರೆ ಅದು ಪೀಬೆರಿ. ಆ ದುಂಡು ಬೀಜಕ್ಕೂ ದೇಶದ ಲೆಕ್ಕದಲ್ಲಿ ತನ್ನದೇ ಒಂದು ಸಾಲು ಇದೆ. ನನಗೆ ಇದು ತುಂಬಾ ಇಷ್ಟ.

ಆಮೇಲೆ ತೂಕ, ಬೆಲೆ, ಯಾವ ಬಂದರಿನಲ್ಲಿ ಇಳಿಯುತ್ತದೆ, ಕೊನೆಗೆ ಯಾವ ದೇಶಕ್ಕೆ ಸೇರುತ್ತದೆ. ಇನ್‌ವಾಯ್ಸಿನಲ್ಲಿ ಹಡಗಿನ ಬಾಡಿಗೆ, ವಿಮೆ ಸೇರಿದ್ದರೆ ಅದನ್ನು ಕಳೆದು ಎಫ್‌ಒಬಿ ಬೆಲೆ ತೋರಿಸಬೇಕು. ಅಂದರೆ ಹಡಗು ಹತ್ತಿಸುವವರೆಗಿನ ಬೆಲೆ. ಅದೇ ಕಂಟೇನರ್ ಇಟಲಿಯಲ್ಲಿ ಇಳಿದಾಗ ಅವರು ಬಾಡಿಗೆ, ವಿಮೆ ಸೇರಿಸಿ ಸಿಐಎಫ್ ಬೆಲೆಯಲ್ಲಿ ಬರೆದುಕೊಳ್ಳುತ್ತಾರೆ. ನಾವೂ ಆಮದು ಬರೆಯುವುದು ಹಾಗೆಯೇ. ಹಾಗಾಗಿ ನಾವು ಕಳಿಸಿದೆವು ಎನ್ನುವ ಅಂಕಿ, ಅವರಿಗೆ ಬಂತು ಎನ್ನುವ ಅಂಕಿ ಯಾವತ್ತೂ ಪಕ್ಕಾ ಕೂಡುವುದಿಲ್ಲ. ಅದರಲ್ಲಿ ಮೋಸವೇನಿಲ್ಲ.

2020ರ ಫೆಬ್ರವರಿಯಿಂದ ಸರಕು ಯಾವ ರಾಜ್ಯದ್ದು, ಯಾವ ಜಿಲ್ಲೆಯದ್ದು ಎಂದು ಬರೆಯುವುದೂ ಕಡ್ಡಾಯವಾಯಿತು. ಆಗ ನಮ್ಮ ಆಫೀಸಿನಲ್ಲಿ ಗೊಣಗಿದವರು ಇದ್ದರು, ಇನ್ನೊಂದು ಕಾಲಂ ಅಂತ. ನನಗೆ ಹಾಗನ್ನಿಸಲಿಲ್ಲ. ರಫ್ತುದಾರರ ಆಫೀಸು ಬೆಂಗಳೂರಿನಲ್ಲಿದ್ದರೆ ಸುಮ್ನೆ ಬೆಂಗಳೂರು ಎಂದು ಬರೆದು ಮುಗಿಸಬಹುದು. ಹಾಗೆ ಮಾಡುವವರೂ ಇದ್ದಾರೆ. ನಾನು ಕ್ಯೂರಿಂಗ್ ವರ್ಕ್ಸ್‌ಗೆ ಫೋನು ಮಾಡಿ ಕೇಳಿಯೇ ಕೊಡಗು ಎಂದು ಬರೆಯುತ್ತೇನೆ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷದಿಂದ ಕೊಡಗಿನ ಕಾಫಿ ಕೊಡಗಿನ ಹೆಸರಿನಲ್ಲಿ ಉಳಿಯುತ್ತದೆ.

ಗೋಡಂಬಿಯದ್ದು ಇನ್ನೊಂದು ಕಥೆ. ಆಫ್ರಿಕಾದಿಂದ ಸಿಪ್ಪೆಯ ಸಮೇತ ಕಚ್ಚಾ ಗೋಡಂಬಿ ನಮ್ಮ ಬಂದರಿಗೆ ಬರುತ್ತದೆ. ಕಾರ್ಖಾನೆಯಲ್ಲಿ ನಮ್ಮ ಕಡೆಯ ಹೆಂಗಸರು ಅದನ್ನು ಒಡೆದು, ಸುಲಿದು, ಗ್ರೇಡ್ ಮಾಡುತ್ತಾರೆ. ಅದರಲ್ಲಿ ಒಂದು ಪಾಲು ತಿರುಳಾಗಿ ಮತ್ತೆ ಹಡಗು ಹತ್ತುತ್ತದೆ. ಸಿಪ್ಪೆಯದಕ್ಕೆ ಒಂದು ಕೋಡ್, ತಿರುಳಿಗೆ ಒಂದು ಕೋಡ್. ರಫ್ತಿನ ಅಂಕಿಯಲ್ಲಿ ತಿರುಳಿನ ಪೂರ್ತಿ ಬೆಲೆ ಬರುತ್ತದೆ, ಆಫ್ರಿಕಾದ ರೈತನ ಪಾಲೂ ಅದರೊಳಗೇ ಇರುತ್ತದೆ. ಆದರೂ ಎರಡು ಸಾಲೂ ಕಣ್ಣ ಮುಂದೆ ಇರುವುದರಿಂದ ಯಾರು ಬೇಕಾದರೂ ಪಕ್ಕ ಪಕ್ಕ ಇಟ್ಟು ನೋಡಬಹುದು. ಎಷ್ಟು ತಂದೆವು, ಎಷ್ಟು ಕಳಿಸಿದೆವು, ಸುಲಿಯುವ ಕೈಗಳಿಂದ ಬೆಲೆ ಎಷ್ಟು ಏರಿತು ಎಂದು ಅಂದಾಜು ಸಿಗುತ್ತದೆ. ಲೆಕ್ಕ ಬಿಡಿಬಿಡಿಯಾಗಿ ಇದ್ದರೆ ಜನ ಪ್ರಶ್ನೆ ಕೇಳಬಹುದು.

ಈಗ ಸೇವೆಯ ಕಡೆಗೆ ಬನ್ನಿ. ಸೇವೆಗೆ ಚೀಲವಿಲ್ಲ, ಕಂಟೇನರ್ ಇಲ್ಲ. ಪಣಂಬೂರಿನ ಬಂದರಿನ ಗೇಟಿನಲ್ಲಿ ಅದನ್ನು ಯಾರೂ ತೂಗುವುದಿಲ್ಲ. ನಕ್ಷೆ ಒಂದು ಇಮೇಲಿನಲ್ಲಿ ಹೋಗುತ್ತದೆ. ಮಲೇಷ್ಯಾದಿಂದ ಮಣಿಪಾಲಕ್ಕೆ ಓದಲು ಬಂದ ಹುಡುಗನ ಕಾಲೇಜು ಫೀಸು, ರೂಮಿನ ಬಾಡಿಗೆ, ಮೆಸ್ಸಿನ ಊಟ ಎಲ್ಲವೂ ನಮ್ಮ ಸೇವಾ ರಫ್ತೇ. ಅವನು ನಾಲ್ಕು ವರ್ಷ ಇಲ್ಲೇ ಇದ್ದರೂ ಲೆಕ್ಕದಲ್ಲಿ ಅವನು ಮಲೇಷ್ಯಾದ ನಿವಾಸಿ. ಆಫ್ರಿಕಾದಿಂದ ಗೋಡಂಬಿ ಹೊತ್ತು ತಂದ ಹಡಗು ಹೊರದೇಶದ ಕಂಪನಿಯದ್ದಾಗಿ ಬಾಡಿಗೆ ನಾವು ಕೊಟ್ಟರೆ ಅದು ಸೇವೆಯ ಆಮದು. ಇದನ್ನೆಲ್ಲ ಹಿಡಿಯಲು ಇರುವ ಮುಖ್ಯ ದಾರಿ ಬ್ಯಾಂಕು. ಸಾಫ್ಟ್‌ವೇರ್ ಕಂಪನಿಗಳಾದರೆ ತಮ್ಮ ರಫ್ತು ಘೋಷಿಸಲು ಸಾಫ್ಟೆಕ್ಸ್ ಎಂಬ ಫಾರಂ ಕೊಡುತ್ತವೆ, ರಿಸರ್ವ್ ಬ್ಯಾಂಕ್ ವರ್ಷಕ್ಕೊಮ್ಮೆ ಸಮೀಕ್ಷೆಯನ್ನೂ ಮಾಡುತ್ತದೆ. ಉಳಿದವರದ್ದು ಬಹುಪಾಲು ಆ ಪರ್ಪಸ್ ಕೋಡಿನ ಮೇಲೆಯೇ ನಿಂತಿದೆ. ಬಸ್ಸಿನಲ್ಲಿ ಅರ್ಧಂಬರ್ಧ ಕೇಳಿಸಿದ ಫೋನಿನ ಮೇಲೆ.

ಇದು ಸಣ್ಣ ಬಾಬತ್ತಾಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. 2024-25ರಲ್ಲಿ ದೇಶದ ಸರಕಿನ ರಫ್ತು 437.4 ಶತಕೋಟಿ ಡಾಲರ್. ಸೇವೆಯ ರಫ್ತು 387.5 ಶತಕೋಟಿ. ಸರಕು 100 ಆದರೆ ಸೇವೆ 88ರ ಮೇಲೆ. ಹೆಚ್ಚುಕಡಿಮೆ ಸಮಸಮ. ಅದರ ಹಿಂದಿನ ವರ್ಷ ಸರಕು 437 ಇದ್ದದ್ದು ಅಲ್ಲೇ ನಿಂತಿತು. ಸೇವೆ 341ರಿಂದ ಮೇಲೇರಿತು. ಬೆಳೆಯುತ್ತಿರುವುದು ಯಾವುದು ಎಂದು ನೀವೇ ಹೇಳುತ್ತಿದ್ದೀರಿ. ಆದರೆ ಸರಕಿನಲ್ಲಿ ಪೀಬೆರಿಯನ್ನು ಬೇರೆ ಇಟ್ಟ ನಾವು, ಸೇವೆಯಲ್ಲಿ ಯಾವ ದೇಶಕ್ಕೆ ಎಷ್ಟು ಹೋಯಿತು ಎಂದೂ ಪ್ರಕಟಿಸುವುದಿಲ್ಲ. ಸಾಫ್ಟ್‌ವೇರ್ ಸಮೀಕ್ಷೆಯೊಂದನ್ನು ಬಿಟ್ಟರೆ ದೇಶವಾರು ಪಟ್ಟಿ ಇಲ್ಲ. ರಾಜ್ಯವಾರು ಪಟ್ಟಿಯೂ ಇಲ್ಲ. ತಿಂಗಳಿಗೆ ಸಿಗುವುದು ಒಂದು ಒಟ್ಟು ರಫ್ತು, ಒಂದು ಒಟ್ಟು ಆಮದು. ಬಾಬತ್ತು ಬಿಡಿಸಿ ನೋಡಬೇಕೆಂದರೆ ಮೂರು ತಿಂಗಳಿಗೊಮ್ಮೆ ಬರುವ ಪಾವತಿ ಶಿಲ್ಕಿನ ಲೆಕ್ಕಕ್ಕೆ, ಅಂದರೆ ಹೊರದೇಶಗಳ ಜೊತೆಗಿನ ದೇಶದ ಒಟ್ಟು ಕೊಡುಕೊಳ್ಳುವಿಕೆಯ ಲೆಕ್ಕಕ್ಕೆ, ಕಾಯಬೇಕು.

ನೆದರ್‌ಲ್ಯಾಂಡ್ಸನ್ನೇ ತೆಗೆದುಕೊಳ್ಳಿ. 2024-25ರಲ್ಲಿ ನಮ್ಮ ಸರಕು ಕೊಂಡ ದೇಶಗಳಲ್ಲಿ ಅಮೆರಿಕ, ಯುಎಇ ಆದ ಮೇಲೆ ಮೂರನೆಯದು ಅದು. ಎರಡು ಕೋಟಿಯೂ ಜನವಿಲ್ಲದ ದೇಶ ಅಷ್ಟೊಂದು ಕೊಳ್ಳುತ್ತದಾ ಎಂದು ಯಾರಾದರೂ ಕೇಳಬಹುದು. ರೋಟರ್‌ಡ್ಯಾಮ್ ಬಂದರು ಅಲ್ಲಿದೆ. ನಮ್ಮ ಪೆಟ್ರೋಲಿಯಂ ಉತ್ಪನ್ನ ಅಲ್ಲಿ ಇಳಿದು ಯುರೋಪಿನ ಬೇರೆ ಕಡೆಗೂ ಹೋಗುತ್ತದೆ. ಕೋಡ್ ಇದೆ, ದೇಶದ ಹೆಸರಿದೆ, ಹಾಗಾಗಿ ಈ ಸೂಕ್ಷ್ಮ ನಮಗೆ ಗೊತ್ತಾಯಿತು. ನನ್ನ ತಂಗಿಯ ಮಗಳು ನಕ್ಷೆ ಮಾರುವುದೂ ಅದೇ ದೇಶಕ್ಕೆ. ಅವಳಂಥವರೆಲ್ಲ ಸೇರಿ ನೆದರ್‌ಲ್ಯಾಂಡ್ಸಿಗೆ ಎಷ್ಟು ಸೇವೆ ಮಾರಿದರು? ನಿಮ್ಮ ಪುಸ್ತಕದಲ್ಲಿ ಆ ಸಾಲು ಹುಡುಕಿದರೆ ಸಿಗುವುದಿಲ್ಲ.

ಅಮೆರಿಕದವರು ಭಾರತದ ಜೊತೆಗಿನ ತಮ್ಮ ಸೇವಾ ವ್ಯಾಪಾರವನ್ನು ದೇಶವಾರು ಪ್ರಕಟಿಸುತ್ತಾರೆ. ಬ್ರಿಟನ್ನಿನವರೂ ಅಷ್ಟೇ. 2025ರ ಜುಲೈ 24ರಂದು ಬ್ರಿಟನ್ ಜೊತೆ ನಮ್ಮ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಸೇವೆಯೂ ಅದರೊಳಗಿದೆ. ಇಂಥ ಒಪ್ಪಂದ ನಮ್ಮ ಮಕ್ಕಳಿಗೆ ಎಷ್ಟು ಲಾಭ ತಂದಿತು ಎಂದು ಐದು ವರ್ಷ ಬಿಟ್ಟು ನೋಡಬೇಕೆಂದರೆ ಅವರ ಪುಸ್ತಕವನ್ನೇ ತೆರೆಯಬೇಕಾ? ನಮ್ಮ ಅಂಗಡಿಯ ವ್ಯಾಪಾರವನ್ನು ಗಿರಾಕಿಯ ಚೀಟಿ ನೋಡಿ ತಿಳಿದುಕೊಂಡ ಹಾಗೆ.

ಕಷ್ಟ ಇದೆ ಎಂದು ನನಗೂ ಗೊತ್ತು. ಹಣ ಎಷ್ಟೋ ಸಲ ಪಾವತಿ ಕಂಪನಿಯೊಂದರ ಮೂಲಕ ಮೂರನೇ ದೇಶದಿಂದ ಬರುತ್ತದೆ. ಡಚ್ ಗಿರಾಕಿಯ ಹಣ ಐರ್ಲೆಂಡ್ ಹೆಸರಿನಲ್ಲಿ ಬಂದರೆ ಬ್ಯಾಂಕೇನು ಮಾಡಬೇಕು? ಹತ್ತು ಊರಿನಲ್ಲಿ ಆಫೀಸಿರುವ ಕಂಪನಿಯ ರಫ್ತನ್ನು ಯಾವ ರಾಜ್ಯಕ್ಕೆ ಹಾಕಬೇಕು? ಆದರೆ ದಾರಿಗಳೂ ಇವೆ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿಯೇ ರಾಜ್ಯ ಹೇಳುತ್ತದೆ, ಕರ್ನಾಟಕದ್ದು 29. ಸೇವೆ ರಫ್ತು ಮಾಡುವ ನೋಂದಾಯಿತರು ಅದನ್ನು ರಿಟರ್ನ್‌ನಲ್ಲಿ ಬೇರೆಯಾಗಿ ತೋರಿಸುತ್ತಾರೆ. ಅಲ್ಲಿಂದ ರಾಜ್ಯವಾರು ಮೊತ್ತ ತೆಗೆಯಲು ಶುರು ಮಾಡಬಹುದು. ವರ್ಷಕ್ಕೆ 20 ಲಕ್ಷದೊಳಗೆ ದುಡಿಯುವ ಪುತ್ತೂರಿನ ಹುಡುಗಿ ಅದರಲ್ಲಿ ಸಿಗುವುದಿಲ್ಲ, ಅವಳಿಗೆ ನೋಂದಣಿ ಕಡ್ಡಾಯವಿಲ್ಲ. ಅವಳನ್ನು ಬ್ಯಾಂಕಿನ ಕೋಡೇ ಹಿಡಿಯಬೇಕು.

ಇನ್ನೊಂದು ಮಾತು. ಸೇವೆಯ ಅಂಕಿ ರಿಸರ್ವ್ ಬ್ಯಾಂಕಿನಿಂದ ತಡವಾಗಿ ಬರುತ್ತದೆ. ಹಾಗಾಗಿ 15ರಂದು ನೀವು ಬಿಡುವ ಪ್ರಕಟಣೆಯಲ್ಲಿ ಆ ತಿಂಗಳ ಸೇವೆಯ ಮೊತ್ತ ಅಂದಾಜಿನದ್ದು. ಕೆಳಗೆ ಟಿಪ್ಪಣಿಯಲ್ಲಿ ಹಾಗೆಂದು ಬರೆದೂ ಇರುತ್ತೀರಿ. ಆದರೆ ಟಿಪ್ಪಣಿ ಯಾರು ಓದುತ್ತಾರೆ? 2025ರ ಏಪ್ರಿಲ್ 15ರಂದು ಇಡೀ ವರ್ಷದ ಒಟ್ಟು ರಫ್ತು 820.93 ಶತಕೋಟಿ ಡಾಲರ್ ಎಂದಿರಿ. ಮೇ ತಿಂಗಳ ಶುರುವಿನಲ್ಲಿ ಅದು 824.9 ಆಯಿತು. ಹೆಚ್ಚಾದದ್ದು ಸೇವೆಯ ಲೆಕ್ಕ, ಸುಮಾರು 4 ಶತಕೋಟಿ. ನಮ್ಮ ರೂಪಾಯಿಯಲ್ಲಿ 30 ಸಾವಿರ ಕೋಟಿಗೂ ಜಾಸ್ತಿ. ತಿದ್ದಿದ್ದು ಒಳ್ಳೆಯದೇ, ತಿದ್ದಲೇಬೇಕು. ಅಂದಾಜು ಎಂಬ ಪದ ಮಾತ್ರ ಅಂಕಿಯ ಪಕ್ಕದಲ್ಲೇ, ಅಂಕಿಯಷ್ಟೇ ದಪ್ಪ ಅಕ್ಷರದಲ್ಲಿ ಇರಲಿ.

ಸರಕಿನ ಲೆಕ್ಕವೂ ತಪ್ಪುತ್ತದೆ. 2024ರ ನವೆಂಬರಿನ ಚಿನ್ನ ನೆನಪಿದೆಯಾ? ಒಂದೇ ತಿಂಗಳಲ್ಲಿ 14.8 ಶತಕೋಟಿ ಡಾಲರಿನ ಚಿನ್ನ ಬಂತು, ವ್ಯಾಪಾರ ಕೊರತೆ 37.8 ಶತಕೋಟಿಗೆ ಏರಿ ದಾಖಲೆಯಾಯಿತು ಎಂದು ಸುದ್ದಿಯಾಯಿತು. ಎಲ್ಲರೂ ಕಾರಣ ಹುಡುಕಿದರು. ಜುಲೈಯಲ್ಲಿ ಸುಂಕ 15ರಿಂದ 6 ಪರ್ಸೆಂಟಿಗೆ ಇಳಿದಿತ್ತು, ಅದಕ್ಕೇ ಎಂದರು. ಮದುವೆ ಸೀಸನ್ನು ಎಂದರು. ನನ್ನ ಹೆಂಡತಿಯ ಅಣ್ಣ, ಚಿನ್ನದ ಕೆಲಸದವರು, ಅಂಗಡಿಯಲ್ಲಿ ಅಷ್ಟು ಗಿರಾಕಿ ಕಾಣೆನಲ್ಲ ಎಂದಿದ್ದರು. ಜನವರಿಯಲ್ಲಿ ಆ ಅಂಕಿ 9.84 ಶತಕೋಟಿಗೆ ಇಳಿಯಿತು. ವಿಶೇಷ ಆರ್ಥಿಕ ವಲಯಗಳ ದಾಖಲೆ ಹಳೆಯ ವ್ಯವಸ್ಥೆಯಿಂದ ಕಸ್ಟಮ್ಸ್‌ನ ಆನ್‌ಲೈನ್ ವ್ಯವಸ್ಥೆಯಾದ ಐಸ್‌ಗೇಟಿಗೆ ವರ್ಗವಾಗುವಾಗ ಎಡವಟ್ಟಾಗಿತ್ತು. ವಲಯದ ಗೋದಾಮಿಗೆ ಬಂದಾಗ ಒಂದು ಸಲ, ಅಲ್ಲಿಂದ ದೇಶದೊಳಗೆ ಬಂದಾಗ ಇನ್ನೊಂದು ಸಲ, ಒಂದೇ ಚಿನ್ನವನ್ನು ಎರಡು ಸಲ ಎಣಿಸಲಾಗಿತ್ತು. ನೀವು ಕಂಡುಹಿಡಿದು ತಿದ್ದಿದಿರಿ, ಅದಕ್ಕೆ ಗೌರವವಿದೆ. ಆದರೆ ಗಮನಿಸಿ. ಚಿನ್ನಕ್ಕೆ ತೂಕವಿತ್ತು, ಕಾಗದವಿತ್ತು, ಕೋಡಿತ್ತು. ಅದಕ್ಕೇ ತಪ್ಪು ಸಿಕ್ಕಿತು. ಪಿ1301ರೊಳಗೆ ಸೇರಿಕೊಂಡ ನಕ್ಷೆಗಳನ್ನು ಯಾವ ಗೋದಾಮಿಗೆ ಹೋಗಿ ಎಣಿಸುತ್ತೀರಿ?

ಅದಕ್ಕೇ ನನ್ನ ದೊಡ್ಡ ಕೋರಿಕೆ ಆ ಕೌಂಟರಿನದ್ದು. ಪರ್ಪಸ್ ಕೋಡಿನ ಪಟ್ಟಿಯನ್ನು ಕನ್ನಡದಲ್ಲಿ, ಮನೆಮಾತಿನಲ್ಲಿ ಕೊಡಿಸಿ. ಹೊರದೇಶದಲ್ಲಿರುವ ಮನೆಯವರು ಕಳಿಸಿದ ಹಣವಾ, ಇಲ್ಲೇ ಕೂತು ಹೊರದೇಶದವರಿಗೆ ಮಾಡಿಕೊಟ್ಟ ಕೆಲಸದ ಹಣವಾ ಎಂಬ ಎರಡು ಪ್ರಶ್ನೆ ಮೊದಲು ಬರಲಿ. ಕೆಲಸದ ಹಣವಾದರೆ ಎಂಥ ಕೆಲಸ ಎಂದು ಆಮೇಲೆ ಕೇಳಲಿ. ಹಣ ಬಂದವರ ಮೊಬೈಲಿಗೆ, ಈ ಹಣವನ್ನು ಹೀಗೆಂದು ಬರೆದಿದ್ದೇವೆ, ತಪ್ಪಿದ್ದರೆ ಇಷ್ಟು ದಿನದೊಳಗೆ ಹೇಳಿ ಎಂದು ಒಂದು ಮೆಸೇಜು ಕನ್ನಡದಲ್ಲಿ ಬರಲಿ. ದುಡ್ಡು ಜಮೆಯಾದದ್ದಕ್ಕೆ ಮೆಸೇಜು ಬರುತ್ತದಲ್ಲ, ಅದರ ಜೊತೆಗೆ ಇನ್ನೊಂದು ಸಾಲು. ಅದಾದ ಮೇಲೆ ದೇಶವಾರು, ರಾಜ್ಯವಾರು ಸೇವೆಯ ಪಟ್ಟಿಯನ್ನು ವರ್ಷಕ್ಕೊಮ್ಮೆಯಾದರೂ ಪ್ರಕಟಿಸಿ. ಪೂರ್ತಿ ಸರಿ ಇಲ್ಲದಿದ್ದರೂ ಪರವಾಗಿಲ್ಲ. ಜಿಲ್ಲೆಯ ಕಾಲಂ ಬಂದಾಗಲೂ ಮೊದಲ ವರ್ಷ ಎಲ್ಲ ಬೆಂಗಳೂರು ಎಂದು ಬರೆದವರು ನಮ್ಮಲ್ಲೇ ಇದ್ದರು. ಬರೆಯುತ್ತಾ ಬರೆಯುತ್ತಾ ಕಲಿತೆವು.

ತಂಗಿಯ ಮಗಳ ಕಾಗದದ ವಿಷಯ ಹೇಳಿಬಿಡುತ್ತೇನೆ. ನಾನೇ ಜೊತೆಗೆ ಹೋಗಿ ಅವಳ ಇನ್‌ವಾಯ್ಸುಗಳನ್ನು, ಡಚ್ ಆಫೀಸಿನ ಜೊತೆಗಿನ ಒಪ್ಪಂದವನ್ನು ಬ್ಯಾಂಕಿನಲ್ಲಿ ಕೊಟ್ಟೆವು. ಇನ್ನು ಮುಂದೆ ಬರುವ ಹಣಕ್ಕೆ ಪಿ1009 ಹಾಕುತ್ತೇವೆ ಎಂದು ಒಪ್ಪಿಕೊಂಡರು, ಮರ್ಯಾದೆಯಿಂದಲೇ ಮಾತಾಡಿದರು. ಹಿಂದಿನ ಹತ್ತನ್ನು ತಿದ್ದಲು ಮೇಲಿನವರನ್ನು ಕೇಳಬೇಕಂತೆ. ಎರಡು ಸಲ ಹೋಗಿ ಬಂದೆವು, ಇನ್ನೂ ಆಗಿಲ್ಲ. ಹನ್ನೊಂದನೆಯದು ಸರಿಯಾಗಿ ಬಿದ್ದಿದೆ. ಆ ಸಾಲಿನ ಫೋಟೋ ತೆಗೆದು ನನಗೆ ಕಳಿಸಿದಳು, ಕೆಳಗೆ "ಮಾವ, ಈ ಸಲ ನಾನು ರಫ್ತು" ಎಂದು ಬರೆದಿದ್ದಳು.

ನಿಮ್ಮಲ್ಲಿ ಯಾರಾದರೂ ಮಂಗಳೂರಿನ ಕಡೆ ಬಂದರೆ ಬಂದರಿನ ಗೇಟು, ನಮ್ಮ ಆಫೀಸಿನ ಟೇಬಲ್ಲು, ಅವಳು ಹೋಗಿ ನಿಂತ ಆ ಕೌಂಟರು, ಮೂರನ್ನೂ ಒಂದೇ ದಿನ ತೋರಿಸುತ್ತೇನೆ. ಪಣಂಬೂರಿನಿಂದ ಪುತ್ತೂರಿಗೆ ಬಸ್ಸಿನಲ್ಲಿ ಎರಡು ತಾಸು ಸಾಕು.

ಇತಿ,
ಶಿಪ್ಪಿಂಗ್ ಬಿಲ್ ಬರೆಯುವವನು,
ಮಂಗಳೂರು